ಹಿಮದ ಹಾದಿಗೆ ಹೊರಟ ಲಾರಿ: ಓಡುವಾಗಲ್ಲ, ನಿಂತಾಗ ಕಾಡುವ ಚಳಿ

ಅಕ್ಟೋಬರ್ ಕಳೆಯುತ್ತಿದ್ದಂತೆ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಹಣ್ಣಿನ ಅಂಗಡಿಗಳಲ್ಲಿ ಕಾಶ್ಮೀರದ ಸೇಬಿನ ರಾಶಿ ಬೆಳೆಯತೊಡಗುತ್ತದೆ. ಕೊಳ್ಳುವವರು ಬೆಲೆ ವಿಚಾರಿಸುತ್ತಾರೆ, ಬಣ್ಣ ನೋಡುತ್ತಾರೆ. ಅದು ಬಂದ ಹಾದಿಯ ಬಗ್ಗೆ ಯೋಚಿಸುವವರು ವಿರಳ. ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಚಾಚಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ 44 ಚಿಕ್ಕಬಳ್ಳಾಪುರ, ಬೆಂಗಳೂರುಗಳ ಮೂಲಕವೇ ಹಾದುಹೋಗುತ್ತದೆ. ಈ ರಸ್ತೆಯ ದಕ್ಷಿಣ ಭಾಗದಲ್ಲಿ ಎಂಜಿನ್ ಕಾಯದಂತೆ ನೋಡಿಕೊಳ್ಳುವ ಚಾಲಕ, ಉತ್ತರದ ತುದಿ ತಲುಪಿದಾಗ ಅದೇ ಎಂಜಿನ್ ಹೆಪ್ಪುಗಟ್ಟದಂತೆ ರಾತ್ರಿಯಿಡೀ ಎಚ್ಚರವಿರಬೇಕಾಗುತ್ತದೆ.

ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ಜನವರಿ 30ರವರೆಗಿನ ಅವಧಿಯನ್ನು 'ಚಿಲ್ಲೈ ಕಲಾನ್' ಎನ್ನುತ್ತಾರೆ. ಸುಮಾರು 40 ದಿನಗಳ ಕಡುಚಳಿಯ ಕಾಲವದು. 2024ರ ಡಿಸೆಂಬರ್‌ನಲ್ಲಿ ಶ್ರೀನಗರದ ಉಷ್ಣಾಂಶ ಮೈನಸ್ 8.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಲ್ಲಿಂದ ಲಡಾಖ್‌ನತ್ತ ಹೊರಟರೆ ಸೋನ್‌ಮಾರ್ಗ್ ದಾಟಿ 3,528 ಮೀಟರ್ ಎತ್ತರದ ಜೊಜಿ ಲಾ ಕಣಿವೆಮಾರ್ಗ ಏರಬೇಕು. ಅದರಾಚೆಗಿನ ದ್ರಾಸ್, ಕಾರ್ಗಿಲ್ ಪ್ರದೇಶಗಳಲ್ಲಿ ಮೈನಸ್ 20 ಡಿಗ್ರಿ ಎಂಬುದು ಚಳಿಗಾಲದಲ್ಲಿ ಸುದ್ದಿಯೇ ಅಲ್ಲ.

ಹಿಂದೆ ಈ ಸಮಸ್ಯೆಗೆ ಪ್ರಕೃತಿಯೇ ಒಂದು ಪರಿಹಾರ ಒದಗಿಸಿತ್ತು: ರಸ್ತೆಯೇ ತಿಂಗಳುಗಟ್ಟಲೆ ಮುಚ್ಚಿಹೋಗುತ್ತಿತ್ತು. ಲಡಾಖ್‌ಗೆ ಬೇಕಾದ ಧಾನ್ಯ, ಇಂಧನ, ಔಷಧಗಳನ್ನೆಲ್ಲ ಬೇಸಿಗೆಯಲ್ಲೇ ಸಾಗಿಸಿ ದಾಸ್ತಾನು ಮಾಡುವುದು ನಾಗರಿಕರಿಗೂ ಸೇನೆಗೂ ರೂಢಿ. ಆದರೆ ಗಡಿ ರಸ್ತೆಗಳ ಸಂಸ್ಥೆಯು ಹಿಮ ತೆರವು ಕಾರ್ಯವನ್ನು ಚುರುಕುಗೊಳಿಸಿದ ಮೇಲೆ ಜೊಜಿ ಲಾ ಮುಚ್ಚುವ ಅವಧಿ ಕುಗ್ಗುತ್ತ ಬಂದಿದೆ. 2022ರಲ್ಲಿ 73 ದಿನಗಳ ನಂತರ ರಸ್ತೆ ತೆರೆದಿತ್ತು. 2025ರಲ್ಲಿ ಕೇವಲ 32 ದಿನಗಳಲ್ಲಿ ತೆರೆಯಿತು. ಅದೇ ವರ್ಷದ ಜನವರಿ 13ರಂದು ಸುಮಾರು 6.5 ಕಿ.ಮೀ. ಉದ್ದದ ಸೋನ್‌ಮಾರ್ಗ್ ಸುರಂಗ ಉದ್ಘಾಟನೆಯಾಯಿತು. ಅತ್ತ ಮನಾಲಿಯ ಬದಿಯಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್‌ನಿಂದಲೇ ಬಳಕೆಯಲ್ಲಿದೆ. ರಸ್ತೆ ಹೆಚ್ಚು ದಿನ ತೆರೆದಿದ್ದರೆ ಲಾರಿಗಳು ಹೆಚ್ಚು ದಿನ ಓಡುತ್ತವೆ. ಅಂದರೆ, ಮೊದಲು ಯಾವ ಚಳಿಯಲ್ಲಿ ಲಾರಿ ಓಡುತ್ತಲೇ ಇರಲಿಲ್ಲವೋ ಆ ಚಳಿಯಲ್ಲಿ ಈಗ ಓಡಬೇಕಾಗಿದೆ. 2020ರಲ್ಲಿ ಕಾಮಗಾರಿ ಆರಂಭವಾದ ಜೊಜಿ ಲಾ ಸುರಂಗ ಬಳಕೆಗೆ ಬಂದರೆ ಕಡಿದಾದ ಏರು ತಪ್ಪೀತು. ದ್ರಾಸ್‌ನ ಚಳಿಯಂತೂ ತಪ್ಪುವುದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಓಡುತ್ತಿರುವ ಲಾರಿಗೆ ಚಳಿ ಅಂಥ ದೊಡ್ಡ ಶತ್ರುವಲ್ಲ. ಎಂಜಿನ್ ತನ್ನ ಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಇಂಜೆಕ್ಟರ್‌ಗಳ ಬಳಿಯಿಂದ ಟ್ಯಾಂಕ್‌ಗೆ ಮರಳುವ ಡೀಸೆಲ್ ಕೂಡ ಬೆಚ್ಚಗಿರುತ್ತದೆ. ತೊಂದರೆ ಶುರುವಾಗುವುದು ಗಾಡಿ ನಿಂತಾಗ. ಹಿಮಪಾತವಾಯಿತೆಂದು, ಭೂಕುಸಿತವಾಯಿತೆಂದು, ಎದುರಿನಿಂದ ಬರುವ ವಾಹನಗಳಿಗೆ ದಾರಿ ಬಿಡಬೇಕೆಂದು ಪೊಲೀಸರು ತಡೆದು ನಿಲ್ಲಿಸಿದಾಗ ಒಂದು ರಾತ್ರಿ, ಕೆಲವೊಮ್ಮೆ ಮೂರು ರಾತ್ರಿ ಲಾರಿ ಬಯಲಲ್ಲೇ ನಿಲ್ಲುತ್ತದೆ. ಹಾಗೆ ನಿಂತ ಲಾರಿಯೊಳಗಿರುವ ಡೀಸೆಲ್, ಕೂಲೆಂಟ್, ಎಂಜಿನ್ ತೈಲ, ಬ್ಯಾಟರಿಯ ಆಮ್ಲ, ಬ್ರೇಕಿನ ಗಾಳಿಯಲ್ಲಿ ಅಡಗಿದ ತೇವಾಂಶ, ಯೂರಿಯಾ ದ್ರಾವಣ ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಒಂದು ಹೆಪ್ಪುಗಟ್ಟುವ ಗಡಿಯಿದೆ. ಆದ್ದರಿಂದ ಚಳಿಗಾಲಕ್ಕೆ ಲಾರಿ ಸಜ್ಜುಗೊಳಿಸುವುದೆಂದರೆ ಅದನ್ನು ಓಡಲು ಸಜ್ಜುಗೊಳಿಸುವುದಲ್ಲ. ನಿಂತು, ಮತ್ತೆ ಹೊರಡಲು ಸಜ್ಜುಗೊಳಿಸುವುದು.

ಮೇಣವಾಗುವ ಡೀಸೆಲ್

ಡೀಸೆಲ್ ನೀರಿನಂತೆ ಒಮ್ಮೆಗೇ ಗಡ್ಡೆ ಕಟ್ಟುವುದಿಲ್ಲ. ಅದರಲ್ಲಿ ಪ್ಯಾರಾಫಿನ್ ಎಂಬ ಮೇಣದ ಅಂಶ ಸಹಜವಾಗಿಯೇ ಕರಗಿರುತ್ತದೆ. ಚಳಿ ಏರಿದಂತೆ ಈ ಮೇಣ ಸೂಕ್ಷ್ಮ ಹರಳುಗಳಾಗಿ ಬೇರ್ಪಡುತ್ತದೆ. ಮೊದಲ ಹಂತದಲ್ಲಿ ತಿಳಿಯಾಗಿದ್ದ ಡೀಸೆಲ್ ಮಬ್ಬಾಗುತ್ತದೆ. ಎರಡನೆಯ ಹಂತದಲ್ಲಿ ಹರಳುಗಳು ಫಿಲ್ಟರ್‌ನ ರಂಧ್ರಗಳನ್ನು ಮುಚ್ಚುತ್ತವೆ. ಇನ್ನೂ ತಣ್ಣಗಾದರೆ ಡೀಸೆಲ್ ಹರಿಯುವುದನ್ನೇ ನಿಲ್ಲಿಸುತ್ತದೆ. ಚಳಿಗಾಲದ ಬೆಳಗ್ಗೆ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ತಲೆಕೆಳಗು ಮಾಡಿದರೂ ಎಣ್ಣೆ ಇಳಿಯುವುದಿಲ್ಲವಲ್ಲ, ಹಾಗೆ. ಮೂರನೆಯ ಹಂತದವರೆಗೆ ಹೋಗಬೇಕಾದ ಅಗತ್ಯವೇ ಇಲ್ಲ. ಎರಡನೆಯ ಹಂತದಲ್ಲಿಯೇ, ಟ್ಯಾಂಕ್ ತುಂಬ ಡೀಸೆಲ್ ಇದ್ದರೂ ಎಂಜಿನ್ ಉಪವಾಸ ಬೀಳುತ್ತದೆ.

ಭಾರತೀಯ ಮಾನಕ ಬ್ಯೂರೋದ ಡೀಸೆಲ್ ಮಾನದಂಡವು ಬೇಸಿಗೆಗೂ ಚಳಿಗಾಲಕ್ಕೂ ಬೇರೆ ಬೇರೆ ಮಿತಿ ವಿಧಿಸಿದೆ. ಫಿಲ್ಟರ್ ಕಟ್ಟಿಕೊಳ್ಳುವ ಉಷ್ಣಾಂಶ ಬೇಸಿಗೆಯ ಡೀಸೆಲ್‌ಗೆ 18 ಡಿಗ್ರಿ, ಚಳಿಗಾಲದ ಡೀಸೆಲ್‌ಗೆ 6 ಡಿಗ್ರಿ ಮೀರಬಾರದು. ಹರಿವು ನಿಲ್ಲುವ ಉಷ್ಣಾಂಶ ಕ್ರಮವಾಗಿ 15 ಮತ್ತು 3 ಡಿಗ್ರಿ ಮೀರಬಾರದು. ಈ ಅಂಕಿಗಳೆಲ್ಲ ಸೊನ್ನೆಗಿಂತ ಮೇಲಿವೆ ಎಂಬುದನ್ನು ಗಮನಿಸಬೇಕು. ಬಯಲು ಪ್ರದೇಶದ ಬಂಕ್‌ಗಳಲ್ಲಿ ಸಿಗುವ ಡೀಸೆಲ್ ಈ ಮಿತಿಗಿಂತ ಉತ್ತಮವಾಗಿರಬಹುದು. ಆದರೆ ಜೊಜಿ ಲಾ ಆಚೆಗಿನ ರಾತ್ರಿಯನ್ನು ಗಮನದಲ್ಲಿಟ್ಟುಕೊಂಡು ಅದನ್ನು ತಯಾರಿಸಿರುವುದಿಲ್ಲ. ಬೆಂಗಳೂರು, ನಾಗಪುರ, ಝಾನ್ಸಿಯ ಡೀಸೆಲ್ ತುಂಬಿಕೊಂಡು ಘಟ್ಟವೇರುವುದೆಂದರೆ ತಕರಾರನ್ನು ಟ್ಯಾಂಕ್‌ನಲ್ಲಿ ತುಂಬಿಕೊಂಡು ಹೋದಂತೆಯೇ.

ಇದಕ್ಕೆ ಉತ್ತರವಾಗಿ ಇಂಡಿಯನ್ ಆಯಿಲ್ ಸಂಸ್ಥೆಯು 2019ರ ನವೆಂಬರ್‌ನಲ್ಲಿ ಲಡಾಖ್‌ಗಾಗಿ ವಿಶೇಷ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಾದ ಈ ಇಂಧನ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಗುಣವನ್ನು ಕಳೆದುಕೊಳ್ಳುವುದಿಲ್ಲ. ಅದಕ್ಕೆ ಮುನ್ನ ಆ ಭಾಗದ ಚಾಲಕರ ಬಳಿಯಿದ್ದ ಉಪಾಯ ಸೀಮೆಎಣ್ಣೆಯೊಂದೇ. ಸೀಮೆಎಣ್ಣೆ ಬೆರೆಸಿದರೆ ಮೇಣ ಹರಳುಗಟ್ಟುವುದು ತಡವಾಗುತ್ತದೆ ಎಂಬುದೇನೋ ನಿಜ. ಆದರೆ ಇಂಧನ ಪಂಪ್ ಮತ್ತು ಇಂಜೆಕ್ಟರ್‌ಗಳಿಗೆ ಬೇಕಾದ ಜಿಡ್ಡಿನಂಶ ಸೀಮೆಎಣ್ಣೆಯಲ್ಲಿ ಕಡಿಮೆ. ಹಳೆಯ ಎಂಜಿನ್‌ಗಳು ಅದನ್ನು ಹೇಗೋ ಸಹಿಸಿಕೊಂಡವು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್–6 ಎಂಜಿನ್‌ಗಳ ಅತಿ ಒತ್ತಡದ ಪಂಪ್‌ಗಳು, ಹೊಗೆ ಶುದ್ಧೀಕರಣ ಘಟಕಗಳು ಸಹಿಸುವುದಿಲ್ಲ. ಒಂದು ರಾತ್ರಿ ಉಳಿಸಲು ಹೋಗಿ ಲಕ್ಷಗಟ್ಟಲೆ ದುರಸ್ತಿ ವೆಚ್ಚ ತಂದುಕೊಳ್ಳುವುದು ಜಾಣತನವಲ್ಲ.

ಹಾಗಾದರೆ ಮಾಡಬೇಕಾದುದೇನು? ಕ್ರಮ ಸರಳ. ಬಯಲಿನ ಡೀಸೆಲ್ ಆದಷ್ಟು ಕಡಿಮೆ ಉಳಿಯುವಂತೆ ಲೆಕ್ಕ ಹಾಕಿ ಮೇಲೇರಬೇಕು. ಎತ್ತರದ ಪ್ರದೇಶದ ಬಂಕ್‌ನಲ್ಲಿ ಚಳಿಗಾಲದ ಡೀಸೆಲ್ ಸಿಕ್ಕೊಡನೆ ಟ್ಯಾಂಕ್ ಭರ್ತಿ ಮಾಡಬೇಕು. ಭರ್ತಿ ಏಕೆಂದರೆ, ಅರೆಬರೆ ತುಂಬಿದ ಟ್ಯಾಂಕ್‌ನ ಖಾಲಿ ಜಾಗದಲ್ಲಿರುವ ಗಾಳಿಯ ತೇವ ರಾತ್ರಿ ನೀರಾಗಿ ಇಳಿದು, ಡೀಸೆಲ್‌ನ ತಳ ಸೇರಿ, ಕೊಳವೆಯಲ್ಲಿ ಮಂಜುಗಡ್ಡೆಯಾಗುತ್ತದೆ. ಇದೇ ಕಾರಣಕ್ಕೆ ಫಿಲ್ಟರ್‌ಗೆ ಜೋಡಿಸಿರುವ ನೀರು ಬೇರ್ಪಡಿಸುವ ಬಟ್ಟಲನ್ನು ನಿತ್ಯ ಸಂಜೆ ಬರಿದು ಮಾಡಬೇಕು. ಹೊಸ ಫಿಲ್ಟರ್ ಹಾಕಿಸಿಕೊಂಡೇ ಹೊರಡುವುದು, ಇನ್ನೊಂದನ್ನು ಕ್ಯಾಬಿನ್‌ನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಡೀಸೆಲ್‌ಗೆ ಬೆರೆಸುವ ಚಳಿನಿರೋಧಕ ರಾಸಾಯನಿಕಗಳೂ ಮಾರುಕಟ್ಟೆಯಲ್ಲಿವೆ. ಆದರೆ ಇವುಗಳ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ: ಇವು ಹರಳಾದ ಮೇಣವನ್ನು ಕರಗಿಸುವುದಿಲ್ಲ, ಹರಳುಗಳು ದೊಡ್ಡದಾಗಿ ಬೆಳೆಯದಂತೆ ತಡೆಯುತ್ತವೆ ಅಷ್ಟೆ. ಆದ್ದರಿಂದ ಡೀಸೆಲ್ ಇನ್ನೂ ತಿಳಿಯಾಗಿರುವಾಗಲೇ, ಅಂದರೆ ಕೆಳಗಡೆಯೇ ಬೆರೆಸಬೇಕು. ಮಬ್ಬಾದ ಮೇಲೆ ಸುರಿದರೆ ಅದು ಹಣವನ್ನು ಟ್ಯಾಂಕ್‌ಗೆ ಸುರಿದಂತೆ.

ಟ್ಯಾಂಕ್‌ನ ಕೆಳಗೆ ಚಿಂದಿ ಬಟ್ಟೆಗೆ ಬೆಂಕಿ ಹಚ್ಚಿ ಡೀಸೆಲ್ ಕರಗಿಸುವ ಅಭ್ಯಾಸ ಹಿಮಾಲಯದ ಹಾದಿಗಳಲ್ಲಿ ಇನ್ನೂ ಪೂರ್ತಿ ಮರೆಯಾಗಿಲ್ಲ. ಡೀಸೆಲ್ ಪೆಟ್ರೋಲ್‌ನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ ಎಂಬ ಧೈರ್ಯ ಇದರ ಹಿಂದಿದೆ. ಆದರೆ ಇಂದಿನ ಲಾರಿಗಳಲ್ಲಿ ಪ್ಲಾಸ್ಟಿಕ್ ಇಂಧನ ಕೊಳವೆ, ವೈರಿಂಗ್, ಬ್ರೇಕಿನ ನೈಲಾನ್ ಗಾಳಿ ಕೊಳವೆಗಳೆಲ್ಲ ಟ್ಯಾಂಕ್‌ನ ಆಸುಪಾಸಿನಲ್ಲೇ ಹಾದುಹೋಗುತ್ತವೆ. ಲಾರಿ ಹೊತ್ತಿ ಉರಿಯದಿದ್ದರೂ ಬ್ರೇಕಿನ ಕೊಳವೆ ಮೆತ್ತಗಾದರೆ ಅದರ ಪರಿಣಾಮ ಮುಂದಿನ ಇಳಿಜಾರಿನಲ್ಲಿ ಗೊತ್ತಾಗುತ್ತದೆ. ಫಿಲ್ಟರ್‌ನ ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತುವುದು ನಿಧಾನವಾದರೂ ಸುರಕ್ಷಿತ ಮಾರ್ಗ.

ಬಿಎಸ್–6 ಲಾರಿಗಳಲ್ಲಿ ಡೀಸೆಲ್ ಜೊತೆಗೆ ಇನ್ನೊಂದು ಟ್ಯಾಂಕ್ ಇರುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸಲು ಬಳಸುವ, ಚಾಲಕರು 'ಡೆಫ್' ಎಂದೋ ಬರೀ 'ಯೂರಿಯಾ' ಎಂದೋ ಕರೆಯುವ ದ್ರಾವಣ ಅದರಲ್ಲಿರುತ್ತದೆ. ಶೇ 32.5ರಷ್ಟು ಯೂರಿಯಾ, ಉಳಿದದ್ದು ಶುದ್ಧ ನೀರು. ಮೈನಸ್ 11 ಡಿಗ್ರಿಯಲ್ಲಿ ಇದು ಗಟ್ಟಿಯಾಗುತ್ತದೆ. ಗಾಬರಿಪಡಬೇಕಿಲ್ಲ; ಎಂಜಿನ್ ಚಾಲೂ ಆದ ಬಳಿಕ ಅದರ ಬಿಸಿಯಿಂದಲೇ ಈ ಟ್ಯಾಂಕ್ ಕರಗುವ ವ್ಯವಸ್ಥೆಯಿರುತ್ತದೆ. ಗಟ್ಟಿಯಾಗುವಾಗ ಹಿಗ್ಗುವುದರಿಂದ ಟ್ಯಾಂಕ್‌ನ ಬಾಯಿವರೆಗೆ ತುಂಬಬಾರದು ಎಂಬುದಷ್ಟೇ ಎಚ್ಚರಿಕೆ. ಬೇಗ ಕರಗಲೆಂದು ಅದಕ್ಕೆ ಬಿಸಿನೀರನ್ನೋ ಬೇರೆ ರಾಸಾಯನಿಕವನ್ನೋ ಸುರಿದರೆ ಇಡೀ ಘಟಕ ಕೆಡುತ್ತದೆ.

ನೀರು, ತೈಲ, ಬ್ಯಾಟರಿ

ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯನ್ನು ತಡೆಯುವ ಶಕ್ತಿ ಎರಕದ ಕಬ್ಬಿಣದ ಎಂಜಿನ್ ಬ್ಲಾಕ್‌ಗೂ ಇಲ್ಲ. ನಮ್ಮ ಕಡೆ ದಾರಿಯಲ್ಲಿ ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಸುರಿದು ಮುಂದೆ ಹೋಗುವುದು ಮಾಮೂಲು. ಹಾಗೆ ಐದಾರು ಬಾರಿ ಸುರಿದ ಲಾರಿಯಲ್ಲಿ ಕೂಲೆಂಟ್ ಇದೆ ಎಂದು ಮಾಲೀಕ ನಂಬಿರುತ್ತಾನೆ, ಇರುವುದು ಬಹುಪಾಲು ನೀರೇ. ಬಣ್ಣ ನೋಡಿ ಇದನ್ನು ತಿಳಿಯಲಾಗದು. ಗ್ಯಾರೇಜ್‌ನಲ್ಲಿ ಸಾಂದ್ರತೆ ಅಳೆಸಿಯೇ ನೋಡಬೇಕು.

ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರನ್ನು ಸಮಪಾಲಾಗಿ ಬೆರೆಸಿದರೆ ಆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟದು. ಇನ್ನೂ ಭದ್ರವಾಗಿರಲಿ ಎಂದು ನೀರೇ ಬೆರೆಸದೆ ಬರೀ ಗ್ಲೈಕಾಲ್ ತುಂಬಿದರೆ ಏನಾಗುತ್ತದೆ? ಅದು ಮೈನಸ್ 13 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ! ಎರಡೂ ಬೆರೆತಾಗ ಮಾತ್ರ ಒಂದು ಇನ್ನೊಂದನ್ನು ಹರಳುಗಟ್ಟಲು ಬಿಡುವುದಿಲ್ಲ. ಹೆಚ್ಚು ಹಾಕಿದರೆ ಹೆಚ್ಚು ರಕ್ಷಣೆ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ಈ ತಲೆನೋವೇ ಇಲ್ಲದ ಲಾರಿಯೊಂದಕ್ಕೆ ಕರ್ನಾಟಕದ ನಂಟಿದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಬಿಇಎಂಎಲ್ ಸಂಸ್ಥೆ ಸೇನೆಗೆ ತಯಾರಿಸಿಕೊಟ್ಟ ಟಾಟ್ರಾ ಲಾರಿಗಳ ಎಂಜಿನ್‌ಗೆ ರೇಡಿಯೇಟರ್ ನೀರಿನ ಹಂಗಿಲ್ಲ. ಜೆಕ್ ಮೂಲದ ಆ ವಿನ್ಯಾಸದಲ್ಲಿ ಎಂಜಿನ್ ತಣಿಯುವುದು ಗಾಳಿಯಿಂದ. ಹೆಪ್ಪುಗಟ್ಟಲು ನೀರೇ ಇಲ್ಲದ ಮೇಲೆ ಒಡೆಯುವ ಮಾತೆಲ್ಲಿ? ಸಾಮಾನ್ಯ ಸರಕು ಲಾರಿಗೆ ಆ ಭಾಗ್ಯವಿಲ್ಲ.

ಎಂಜಿನ್ ತೈಲದ ಡಬ್ಬಿಯ ಮೇಲೆ '15ಡಬ್ಲ್ಯು–40' ಎಂಬಂಥ ಗುರುತು ಇರುತ್ತದೆ. ಡಬ್ಲ್ಯು ಎಂಬುದು ಚಳಿಗಾಲವನ್ನು ಸೂಚಿಸುವ ಅಕ್ಷರ; ಅದರ ಮುಂದಿನ ಅಂಕಿ ಕಡಿಮೆಯಿದ್ದಷ್ಟೂ ತೈಲ ಚಳಿಯಲ್ಲಿ ಹಗುರವಾಗಿ ಹರಿಯುತ್ತದೆ. 15ರ ಶ್ರೇಣಿಯ ತೈಲವನ್ನು ಎಂಜಿನ್ ತಿರುಗಿಸುವ ಸ್ಥಿತಿಗಾಗಿ ಪರೀಕ್ಷಿಸುವುದು ಮೈನಸ್ 20 ಡಿಗ್ರಿಯಲ್ಲಿ. 5ರ ಶ್ರೇಣಿಯದನ್ನು ಮೈನಸ್ 30ರಲ್ಲಿ. ಶ್ರೀನಗರದವರೆಗೆ ಹೋಗಿ ಬರುವ ಲಾರಿಗೆ 15 ಸಾಕು. ದ್ರಾಸ್‌ನಲ್ಲಿ ರಾತ್ರಿ ತಂಗುವ ಲಾರಿಗೆ, ಎಂಜಿನ್ ತಯಾರಕರು ಒಪ್ಪಿದ ಪಟ್ಟಿಯೊಳಗಿನ 5ರ ಅಥವಾ 10ರ ತೈಲ ಸೂಕ್ತ.

ಗಟ್ಟಿಯಾದ ತೈಲದೊಳಗೆ ಎಂಜಿನ್ ತಿರುಗಿಸಲು ಸ್ಟಾರ್ಟರ್‌ಗೆ ಹೆಚ್ಚು ಬಲ ಬೇಕು. ವಿಪರ್ಯಾಸವೆಂದರೆ ಅದೇ ಹೊತ್ತಿಗೆ ಬ್ಯಾಟರಿಯ ಬಲ ಕುಗ್ಗಿರುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಸೀಸದ ಬ್ಯಾಟರಿ ಕೊಡುವುದು ತನ್ನ ಸಾಮರ್ಥ್ಯದ ಅರ್ಧದಷ್ಟನ್ನು ಮಾತ್ರ. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಮ್ಲ ಮೈನಸ್ 60ರ ಆಸುಪಾಸಿನವರೆಗೂ ಹೆಪ್ಪುಗಟ್ಟುವುದಿಲ್ಲ. ಚಾರ್ಜ್ ಇಳಿದ ಬ್ಯಾಟರಿಯಲ್ಲಿ ಆಮ್ಲ ತೆಳುವಾಗಿರುವುದರಿಂದ ಮೈನಸ್ 10ರ ಸುಮಾರಿನಲ್ಲೇ ಹೆಪ್ಪುಗಟ್ಟಿ ಪೆಟ್ಟಿಗೆ ಸೀಳುತ್ತದೆ. ರಾತ್ರಿ ಕ್ಯಾಬಿನ್‌ನಲ್ಲಿ ದೀಪ, ಹಾಡು, ಮೊಬೈಲ್ ಚಾರ್ಜರ್ ಎಲ್ಲವನ್ನೂ ಉರಿಸಿ ಮಲಗಿದವರಿಗೆ ಬೆಳಗ್ಗೆ ಇದರ ಅರಿವಾಗುತ್ತದೆ. ಬ್ಯಾಟರಿಗೆ ಸಂಜೆ ಡಿಸ್ಟಿಲ್ಡ್ ನೀರು ಹಾಕಿ ಗಾಡಿ ನಿಲ್ಲಿಸುವುದೂ ಅಷ್ಟೇ ಅಪಾಯ. ಆಮ್ಲದೊಂದಿಗೆ ಬೆರೆಯದ ನೀರು ಮೇಲೆಯೇ ನಿಂತು ಹೆಪ್ಪುಗಟ್ಟುತ್ತದೆ. ನೀರು ಹಾಕುವುದಿದ್ದರೆ ಬೆಳಗ್ಗೆ, ಓಡಿಸುವ ಮುನ್ನ ಹಾಕಬೇಕು.

ಬೆಳಗ್ಗೆ ಎಂಜಿನ್ ಚಾಲೂ ಮಾಡುವುದಕ್ಕೂ ಒಂದು ವಿಧಾನವಿದೆ. ಕ್ಲಚ್ ಪೂರ್ತಿ ತುಳಿದಿಟ್ಟರೆ ಗೇರ್‌ಬಾಕ್ಸ್‌ನ ದಪ್ಪ ತೈಲವನ್ನು ಕಲಕುವ ಹೊರೆ ಸ್ಟಾರ್ಟರ್‌ಗೆ ತಪ್ಪುತ್ತದೆ. ಹತ್ತು ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಒಂದೇ ಸಮನೆ ತಿರುಗಿಸದೆ, ನಡುವೆ ಒಂದೆರಡು ನಿಮಿಷ ಬಿಡುವು ಕೊಡಬೇಕು. ಚಾಲೂ ಆದೊಡನೆ ಆಕ್ಸಿಲರೇಟರ್ ಒತ್ತಿ ಅಬ್ಬರಿಸಿದರೆ, ತೈಲ ಇನ್ನೂ ತಲುಪದ ಟರ್ಬೊದ ಬೇರಿಂಗ್ ಸವೆಯುತ್ತದೆ. ಇಷ್ಟೆಲ್ಲ ತಾಪತ್ರಯ ಏಕೆಂದು ರಾತ್ರಿಯಿಡೀ ಎಂಜಿನ್ ನಿಧಾನಗತಿಯಲ್ಲಿ ಓಡಿಸುತ್ತಲೇ ಬಿಡುವವರಿದ್ದಾರೆ. ಹಾಗೆ ಓಡುವ ಡೀಸೆಲ್ ಎಂಜಿನ್ ಸಾಕಷ್ಟು ಬಿಸಿಯಾಗದೆ, ಇಂಧನ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಬಿಎಸ್–6 ಲಾರಿಯ ಮಸಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕೊರೆಯುವ ಚಳಿಯಲ್ಲಿ ಕೆಲವು ಗಂಟೆಗಳಿಗೊಮ್ಮೆ ಚಾಲೂ ಮಾಡಿ, ಸರಿಯಾಗಿ ಬಿಸಿಯಾಗುವವರೆಗೆ ಓಡಿಸಿ ಆರಿಸುವುದು ಮೇಲು.

ಗಾಳಿಯೊಳಗೆ ಅಡಗಿದ ನೀರು

ಭಾರಿ ಲಾರಿಗಳ ಬ್ರೇಕ್ ಕೆಲಸ ಮಾಡುವುದು ಒತ್ತಡದ ಗಾಳಿಯಿಂದ. ಕಂಪ್ರೆಸರ್ ಹೊರಗಿನ ಗಾಳಿಯನ್ನು ಹೀರಿ, ಹಿಂಡಿ, ಸಿಲಿಂಡರ್‌ಗಳಲ್ಲಿ ತುಂಬುತ್ತದೆ. ಒದ್ದೆ ಬಟ್ಟೆ ಹಿಂಡಿದಾಗ ನೀರು ಬರುವಂತೆ, ಹಿಂಡಿದ ಗಾಳಿಯಿಂದಲೂ ತೇವ ನೀರಾಗಿ ಇಳಿಯುತ್ತದೆ. ದಕ್ಷಿಣದಲ್ಲಿ ಈ ನೀರು ಹೆಚ್ಚೆಂದರೆ ತುಕ್ಕು ತರುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಅದೇ ಹನಿಗಳು ಕವಾಟದೊಳಗೆ ಮಂಜಿನ ಬಿರಡೆಗಳಾಗುತ್ತವೆ. ಆಗ ಬ್ರೇಕ್ ಹಿಡಿಯದಿರಬಹುದು, ಅಥವಾ ಹಿಡಿದದ್ದು ಬಿಡದಿರಬಹುದು. ಚಳಿಗಾಲದ ಸಿದ್ಧತೆಯಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವ ಭಾಗ ಬಹುಶಃ ಇದೇ. ಡೀಸೆಲ್ ಗಟ್ಟಿಯಾದರೆ ಲಾರಿ ನಿಲ್ಲುತ್ತದೆ; ಬ್ರೇಕಿನ ಕವಾಟ ಗಟ್ಟಿಯಾದರೆ ನಿಲ್ಲಬೇಕಾದ ಲಾರಿ ನಿಲ್ಲುವುದಿಲ್ಲ.

ಗಾಳಿಯ ತೇವ ಹೀರಲು ಲಾರಿಗಳಲ್ಲಿ ಏರ್ ಡ್ರೈಯರ್ ಇರುತ್ತದೆ. ಅದರೊಳಗಿನ ತೇವಹೀರುಕ ಹರಳುಗಳು ಕಾಲಕ್ರಮೇಣ ಶಕ್ತಿ ಕಳೆದುಕೊಳ್ಳುತ್ತವೆ. ಬೆಂಗಳೂರಿನ ಹವೆಯಲ್ಲಿ ಅದು ಗಮನಕ್ಕೇ ಬಾರದಿರುವುದರಿಂದ ಬದಲಿಸುವವರು ಕಡಿಮೆ. ಉತ್ತರಕ್ಕೆ ಹೊರಡುವ ಮುನ್ನ ಆ ಡಬ್ಬಿ ಹೊಸದಾಗಿರಬೇಕು. ಸಿಲಿಂಡರ್‌ಗಳ ತಳದ ಕೀಲಿಯನ್ನು ಎಳೆದು ನೋಡಿದರೆ ಡ್ರೈಯರ್‌ನ ಆರೋಗ್ಯ ತಿಳಿಯುತ್ತದೆ: ಬರೀ ಗಾಳಿ ಬಂದರೆ ಸರಿ, ನೀರು ಚಿಮ್ಮಿದರೆ ಡ್ರೈಯರ್ ಕೈಕೊಟ್ಟಿದೆ ಎಂದರ್ಥ, ಜಿಡ್ಡು ಬಂದರೆ ಕಂಪ್ರೆಸರ್ ಸವೆದಿದೆ. ಪ್ರತಿದಿನ ಗಾಡಿ ನಿಲ್ಲಿಸಿದ ಮೇಲೆ, ಸಿಲಿಂಡರ್ ಇನ್ನೂ ಬೆಚ್ಚಗಿರುವಾಗಲೇ ಇದನ್ನು ಬರಿದು ಮಾಡಬೇಕು. ಬೆಳಗ್ಗೆ ಮಾಡುತ್ತೇನೆಂದರೆ ಅಷ್ಟರಲ್ಲಿ ಕೀಲಿಯೇ ಹೆಪ್ಪುಗಟ್ಟಿರುತ್ತದೆ.

ಇನ್ನೊಂದು ಸಮಸ್ಯೆ ಚಕ್ರದ ಡ್ರಮ್‌ನಲ್ಲಿ. ಕರಗಿದ ಹಿಮದ ಮೇಲೆ ಬಂದು ನಿಂತ ಲಾರಿಯ ಬ್ರೇಕ್ ಲೈನರ್ ಒದ್ದೆಯಾಗಿರುತ್ತದೆ. ಪಾರ್ಕಿಂಗ್ ಬ್ರೇಕ್ ಎಳೆದು ಮಲಗಿದರೆ ಬೆಳಗ್ಗೆ ಲೈನರ್ ಮತ್ತು ಡ್ರಮ್ ಮಂಜಿನಿಂದ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ನಿಲ್ಲುವ ಮುನ್ನ ಕೊನೆಯ ಕೆಲವು ನೂರು ಮೀಟರ್ ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟು ಓಡಿಸಿದರೆ ಆ ಬಿಸಿಗೆ ತೇವ ಆರುತ್ತದೆ. ಸಮತಟ್ಟಾದ ಜಾಗ ಸಿಕ್ಕಿದರೆ ಗೇರ್‌ನಲ್ಲಿರಿಸಿ, ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವುದು ಹಳಬರ ಕ್ರಮ. ಇಳಿಜಾರಿನಲ್ಲಿ ಮಾತ್ರ ಈ ಪ್ರಯೋಗ ಸಲ್ಲದು. ಬ್ರೇಕ್ ಹೆಪ್ಪುಗಟ್ಟಿದರೂ ಚಿಂತೆಯಿಲ್ಲ, ಎಳೆದೇ ಇಡಬೇಕು.

ಚಕ್ರಕ್ಕೆ ಸರಪಳಿ

ಹೊರಡುವ ಊರಿನಲ್ಲಿ 30 ಡಿಗ್ರಿ ಬಿಸಿಲಿನಲ್ಲಿ 110 ಪೌಂಡ್ ಗಾಳಿ ತುಂಬಿಸಿದ ಟೈರ್, ಮೈನಸ್ 10 ಡಿಗ್ರಿಗೆ ತಲುಪಿದಾಗ ಚಳಿಯೊಂದರಿಂದಲೇ ಸುಮಾರು 16 ಪೌಂಡ್ ಕಳೆದುಕೊಳ್ಳುತ್ತದೆ. ಎತ್ತರದಲ್ಲಿ ಹೊರಗಿನ ವಾಯುಭಾರ ಕಡಿಮೆಯಿರುವುದರಿಂದ ಮಾಪಕದ ಮೇಲೆ ಇದರಲ್ಲಿ ನಾಲ್ಕೈದು ಪೌಂಡ್ ಮರಳಿ ಬಂದಂತೆ ಕಾಣುತ್ತದೆ. ಉಳಿದ ಕೊರತೆಯನ್ನು, ಟೈರ್ ತಣ್ಣಗಿರುವಾಗಲೇ ಅಳೆದು ಅಲ್ಲಿಯೇ ತುಂಬಿಸಬೇಕು. ಹಿಮದ ಮೇಲೆ ಹಿಡಿತ ಸಿಗಲಿ ಎಂದು ಗಾಳಿ ಇಳಿಸುವುದು ಖಾಲಿ ಜೀಪಿಗೆ ಸರಿಹೋದೀತು, ಹೊರೆ ತುಂಬಿದ ಲಾರಿಗಲ್ಲ.

ಜೊಜಿ ಲಾ ದಾಟಲು ಚಳಿಗಾಲದಲ್ಲಿ ಸಂಚಾರ ಪೊಲೀಸರು ಹಿಮಸರಪಳಿ ಕಡ್ಡಾಯವೆಂದು ಆಗಾಗ ಸೂಚನೆ ಹೊರಡಿಸುತ್ತಾರೆ. ಸರಪಳಿ ಹಾಕಬೇಕಾದುದು ಎಂಜಿನ್‌ನ ಬಲ ತಲುಪುವ ಹಿಂಚಕ್ರಗಳಿಗೆ. ಹಾಕುವುದನ್ನು ಬಯಲಿನಲ್ಲಿ, ಬೆಳಕಿನಲ್ಲಿ ಒಂದೆರಡು ಬಾರಿ ಅಭ್ಯಾಸ ಮಾಡಿಕೊಂಡಿರಬೇಕು. ಮರಗಟ್ಟಿದ ಬೆರಳುಗಳಿಂದ ಕತ್ತಲಲ್ಲಿ ಮೊದಲ ಪಾಠ ಕಲಿಯಲಾಗದು. ಹಾಕಿ ಸ್ವಲ್ಪ ದೂರ ಸಾಗಿದ ಮೇಲೆ ಇಳಿದು ಮತ್ತೊಮ್ಮೆ ಬಿಗಿಗೊಳಿಸಬೇಕು. ವೇಗ 40 ಕಿ.ಮೀ. ದಾಟಬಾರದು. ಬರಿ ಡಾಂಬರು ಕಂಡೊಡನೆ ಬಿಚ್ಚಬೇಕು, ಇಲ್ಲವಾದರೆ ಸರಪಳಿಯೂ ಟೈರೂ ಎರಡೂ ಹಾಳು.

ಹಿಮಕ್ಕಿಂತ ಮೋಸದ ವಸ್ತು ಕಪ್ಪು ಮಂಜು. ರಸ್ತೆಯ ಮೇಲೆ ತೆಳ್ಳಗೆ ಹರಡಿದ, ಪಾರದರ್ಶಕವಾದ ಈ ಮಂಜಿನ ಪದರ ಒದ್ದೆ ಡಾಂಬರಿನಂತೆಯೇ ಕಾಣುತ್ತದೆ. ಬೆಟ್ಟದ ನೆರಳಿನ ತಿರುವು, ಸೇತುವೆ, ಸುರಂಗದ ಬಾಯಿ ಇದರ ನೆಲೆಗಳು. ಇಂಥ ಕಡೆ ಎಕ್ಸಾಸ್ಟ್ ಬ್ರೇಕ್ ಬಳಸುವುದು ಅಪಾಯಕಾರಿ. ಶಿರಾಡಿ, ಚಾರ್ಮಾಡಿ ಘಾಟಿಗಳ ಇಳಿಜಾರಿನಲ್ಲಿ ಪ್ರಾಣ ಕಾಯುವ ಇದೇ ಸಾಧನ ಮಂಜಿನ ಮೇಲೆ ಹಿಂಚಕ್ರಗಳನ್ನಷ್ಟೇ ಹಿಡಿದು ಲಾರಿಯನ್ನು ಅಡ್ಡ ತಿರುಗಿಸಬಲ್ಲದು. ಕೆಳಗಿನ ಗೇರ್, ನಿಧಾನ ಗತಿ, ಮುಂದಿನ ವಾಹನದಿಂದ ಹಲವು ಪಟ್ಟು ಹೆಚ್ಚು ಅಂತರ ಇವಿಷ್ಟೇ ಅಲ್ಲಿ ನೆಚ್ಚಬಹುದಾದವು.

ಕ್ಯಾಬಿನ್ನಿನೊಳಗಿನ ಮನುಷ್ಯ

ಯಂತ್ರದ ಬಗ್ಗೆ ಇಷ್ಟು ಲೆಕ್ಕ ಹಾಕುವ ಮಾಲೀಕರು ಮರೆಯುವುದು ಅದನ್ನು ಓಡಿಸುವವನನ್ನು. ನಮ್ಮಲ್ಲಿ ಅನೇಕ ಲಾರಿಗಳ ಕ್ಯಾಬಿನ್ ಇಂದಿಗೂ ಮರ ಮತ್ತು ತಗಡಿನಿಂದ ಸ್ಥಳೀಯವಾಗಿ ಕಟ್ಟಿಸಿದ್ದು. ಬಾಗಿಲಿನ ಸಂದುಗಳಿಂದ ಸೆಖೆಯಲ್ಲಿ ಬರುವ ಗಾಳಿ ಹಿತ. ದ್ರಾಸ್‌ನಲ್ಲಿ ಅದೇ ಗಾಳಿ ಚೂರಿಯಂತೆ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯಗೊಳಿಸಿ ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅದಕ್ಕೆ ಮುನ್ನ ರಸ್ತೆಗಿಳಿದ ಲಾರಿಗಳಿಗೆ ಈ ನಿಯಮ ಅನ್ವಯವಾಗುವುದಿಲ್ಲ.

ಹೀಗಾಗಿ ಸಂದುಗಳಿಗೆಲ್ಲ ಚಿಂದಿ ತುರುಕಿ, ಗಾಜು ಏರಿಸಿ, ಒಳಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನೋ ಗ್ಯಾಸ್ ಒಲೆಯನ್ನೋ ಉರಿಸಿ ಮಲಗುವವರಿದ್ದಾರೆ. ಚಳಿಗಾಲದ ಅತ್ಯಂತ ನಿಶ್ಶಬ್ದ ಸಾವು ಬರುವುದು ಈ ದಾರಿಯಿಂದ. ಮುಚ್ಚಿದ ಜಾಗದಲ್ಲಿ ಉರಿ ಅರೆಬರೆಯಾದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ತಲೆ ಭಾರವಾದಂತೆ, ನಿದ್ದೆ ಬಂದಂತೆ ಅನಿಸುತ್ತದೆಯೇ ಹೊರತು ಉಸಿರು ಕಟ್ಟಿದ ಅನುಭವವಾಗದು. ಲೇಹ್‌ನ ಎತ್ತರದಲ್ಲಿ, ಅಂದರೆ ಸುಮಾರು 3,500 ಮೀಟರ್‌ನಲ್ಲಿ, ಉಸಿರಿಗೆ ಸಿಗುವ ಆಮ್ಲಜನಕವೇ ಸಮುದ್ರಮಟ್ಟದ ಮೂರನೇ ಎರಡರಷ್ಟು. ತಲೆನೋವು, ಓಕರಿಕೆ ಬಂದರೆ ಎತ್ತರದ ಬಾಧೆಯೋ ವಿಷಗಾಳಿಯ ಬಾಧೆಯೋ ಎಂದು ಬೇರ್ಪಡಿಸುವುದು ಮಲಗಿದವನಿಗೆ ಸಾಧ್ಯವಿಲ್ಲ. ಎಂಜಿನ್ ಓಡಿಸಿಟ್ಟು ಮಲಗುವುದರಲ್ಲೂ ಇದೇ ಗಂಡಾಂತರವಿದೆ. ಸುರಿಯುವ ಹಿಮ ಹೊಗೆ ಕೊಳವೆಯನ್ನು ಮುಚ್ಚಿದರೆ ಹೊಗೆ ಹೊರಹೋಗದೆ ಕ್ಯಾಬಿನ್‌ನತ್ತ ತಿರುಗುತ್ತದೆ.

ಗ್ಯಾಸ್ ಒಲೆಗೆ ಇನ್ನೊಂದು ಕಾಟ. ಅಡುಗೆ ಅನಿಲದಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಸುಮಾರಿಗೇ ಆವಿಯಾಗುವುದನ್ನು ನಿಲ್ಲಿಸುವುದರಿಂದ ಉರಿ ಕುಗ್ಗುತ್ತದೆ. ಆಗ ಸಿಲಿಂಡರನ್ನೇ ಬೆಂಕಿಯ ಬಳಿ ಇಟ್ಟು ಬಿಸಿ ಮಾಡಲು ಹೊರಡುವವರಿಗೆ ಏನು ಹೇಳುವುದು?

ಒಲೆಯ ಕೆಲಸ ಏನಿದ್ದರೂ ಹೊರಗೆ, ಮಲಗುವ ಮುನ್ನ ಮುಗಿಯಬೇಕು. ಒಳಗೆ ಬೇಕಾದುದು ಮೈನಸ್ ಚಳಿಗೆಂದೇ ತಯಾರಾದ ಮಲಗುವ ಚೀಲ, ಉಣ್ಣೆಯ ಕಾಲುಚೀಲ, ಟೋಪಿ, ಇಬ್ಬರಿಗೂ ಒಂದೊಂದು ಜೊತೆ ಒಣ ಬಟ್ಟೆ, ಬಿಸಿನೀರಿನ ಫ್ಲಾಸ್ಕ್, ಮೂರು ದಿನಕ್ಕಾಗುವಷ್ಟು ಅವಲಕ್ಕಿ, ಬೆಲ್ಲದಂಥ ಬೇಯಿಸದೆ ತಿನ್ನಬಹುದಾದ ಆಹಾರ. ಕಿಟಕಿ ಎರಡು ಬೆರಳಿನಷ್ಟಾದರೂ ತೆರೆದಿರಲಿ. 'ಇಬ್ಬರಿಗೂ' ಎಂಬ ಮಾತು ಮುಖ್ಯ. ಸಾಮಾನ್ಯವಾಗಿ ದಪ್ಪನೆಯ ಕೋಟು ಚಾಲಕನ ಪಾಲಿಗೆ, ಹಳೆಯ ಕಂಬಳಿ ಕ್ಲೀನರ್ ಪಾಲಿಗೆ ಎಂಬಂತಿರುತ್ತದೆ. ಸರಪಳಿ ಬಿಗಿಯಲು ಹಿಮದಲ್ಲಿ ಮಂಡಿಯೂರುವವನು ಕ್ಲೀನರ್. ಮೈ ಬೆಚ್ಚಗಾಗುತ್ತದೆಂದು ಮದ್ಯ ಸೇವಿಸಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ದೇಹದ ಬಿಸಿ ಇನ್ನೂ ಬೇಗ ಸೋರಿಹೋಗುತ್ತದೆ. ಎತ್ತರಕ್ಕೆ ಒಗ್ಗಲು ನಡುದಾರಿಯಲ್ಲಿ ಒಂದು ದಿನ ತಂಗುವುದನ್ನು ಬಾಡಿಗೆಯ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಂಡರೆ ಚಾಲಕನಿಗೆ ಅವಸರದ ಒತ್ತಡವಿರುವುದಿಲ್ಲ.

ಸರಕು ಹೊತ್ತು ಮರಳುವಾಗ

ಕಣಿವೆಯಿಂದ ಸೇಬು ತುಂಬಿಕೊಂಡು ಇಳಿಯುವ ಲಾರಿಗೆ ಸರಕಿನ ಚಿಂತೆಯೂ ಸೇರಿಕೊಳ್ಳುತ್ತದೆ. ಸೇಬು ಹೆಪ್ಪುಗಟ್ಟುವುದು ಮೈನಸ್ 1.5ರಿಂದ ಮೈನಸ್ 2 ಡಿಗ್ರಿಯ ಸುಮಾರಿನಲ್ಲಿ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಹಣ್ಣಿನ ತಿರುಳು ಕಂದಾಗಿ ಮೆತ್ತಗಾಗುತ್ತದೆ. ಹೊರನೋಟಕ್ಕೆ ಇದು ತಕ್ಷಣ ಕಾಣದಿರಬಹುದು. ಟಾರ್ಪಾಲಿನ್ ಕೆಳಗೆ ಹುಲ್ಲಿನ ಇಲ್ಲವೇ ಕಂಬಳಿಯ ಪದರ ಹೊದಿಸಿ, ಗಾಳಿಗೆ ಒಡ್ಡಿಕೊಳ್ಳುವ ಮುಂಭಾಗ ಮತ್ತು ಬದಿಗಳ ಪೆಟ್ಟಿಗೆಗಳನ್ನು ಮೊದಲು ಮುಚ್ಚಿಕೊಂಡರೆ ಒಂದು ರಾತ್ರಿಯ ತಡೆಯನ್ನು ದಾಟಬಹುದು. ಬನಿಹಾಲ್‌ನ ಹೊಸ ಸುರಂಗ 2021ರಲ್ಲಿ ತೆರೆದ ಮೇಲೆ ಹಳೆಯ ಜವಾಹರ್ ಸುರಂಗದ ಎತ್ತರಕ್ಕೆ ಏರುವುದು ತಪ್ಪಿದೆ. ಆದರೆ ರಾಂಬನ್, ಉಧಂಪುರ ಭಾಗದ ಭೂಕುಸಿತಗಳು ಲಾರಿಗಳನ್ನು ದಿನಗಟ್ಟಲೆ ನಿಲ್ಲಿಸುವುದು ತಪ್ಪಿಲ್ಲ.

ಜಮ್ಮು ದಾಟಿ ಬಯಲಿಗಿಳಿದ ಮೇಲೆ ಟೈರ್‌ಗಳ ಗಾಳಿಯನ್ನು ಮತ್ತೆ ಅಳೆದು, ಹೆಚ್ಚಾಗಿದ್ದನ್ನು ಇಳಿಸಬೇಕು. ಸರಪಳಿಗಳನ್ನು ತೊಳೆದು, ಒಣಗಿಸಿ, ಎಣ್ಣೆ ಸವರಿ ಎತ್ತಿಡಬೇಕು. ರೇಡಿಯೇಟರ್‌ನ ಮುಂದೆ ಚಳಿಗೆಂದು ಕಟ್ಟಿದ ರಟ್ಟನ್ನೋ ಕ್ಯಾನ್ವಾಸನ್ನೋ ಮರೆಯದೆ ತೆಗೆಯಬೇಕು. ಅದನ್ನು ಮರೆತು ಮಧ್ಯಪ್ರದೇಶದ ಬಿಸಿಲು ಸೇರಿದರೆ ಎಂಜಿನ್ ಕುದಿಯುತ್ತದೆ. ಟ್ಯಾಂಕ್‌ನಲ್ಲಿ ಉಳಿದ ಚಳಿಗಾಲದ ಡೀಸೆಲ್ ಬಯಲಿನಲ್ಲೂ ನಿಶ್ಚಿಂತೆಯಿಂದ ಉರಿಯುತ್ತದೆ. 5ರ ಶ್ರೇಣಿಯ ತೈಲದ ಎರಡನೆಯ ಅಂಕಿ 40 ಆಗಿದ್ದರೆ ಅದನ್ನೂ ಬದಲಿಸಬೇಕಿಲ್ಲ, ಬಿಸಿ ಎಂಜಿನ್‌ನಲ್ಲಿ ಅದರ ನಡತೆ ಎಂದಿನ ತೈಲದಂತೆಯೇ. ಸಮಪಾಲಿನ ಕೂಲೆಂಟನ್ನಂತೂ ಚೆಲ್ಲಲೇಬಾರದು. ಹೆಪ್ಪುಗಟ್ಟುವ ಉಷ್ಣಾಂಶ ತಗ್ಗಿಸುವ ಗ್ಲೈಕಾಲ್ ಕುದಿಯುವ ಉಷ್ಣಾಂಶವನ್ನು ಏರಿಸುತ್ತದೆ ಕೂಡ. ಜನವರಿಯಲ್ಲಿ ದ್ರಾಸ್‌ನಲ್ಲಿ ಎಂಜಿನ್ ಕಾಯ್ದ ಅದೇ ದ್ರಾವಣ ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲೂ ಕೆಲಸಕ್ಕೆ ಬರುತ್ತದೆ. ದಾರಿಯಲ್ಲಿ ಕೊಡಪಾನ ಹಿಡಿದು ಬೋರ್‌ವೆಲ್ ನೀರು ಸುರಿಯದಿದ್ದರೆ ಆಯಿತು.